ಗಾಗಲ್ ಕೊಳ್ಳುವ ಮುನ್ನ

ಶಹಾಪುರ, ಬೆಳಗಾವಿ

ಚಿ. ಅಶ್ವಿನಿಗೆ ಮಾಮಾನ ಆಶೀರ್ವಾದಗಳು.

ನೀನು ಮೊಬೈಲ್‌ಗೆ ಕಳಿಸಿದ ಗಾಗಲ್ ಚಿತ್ರ ನೋಡಿದೆ. ಕಡುಕಪ್ಪು ಗಾಜು, ತಂತಿಯಂಥ ಫ್ರೇಮ್, ಮೇಲೆ ಪೋಲರೈಸ್ಡ್ (ಪ್ರತಿಫಲಿಸುವ ಬೆಳಕಿನ ಝಳ ತಗ್ಗಿಸುವಂಥದ್ದು) ಎಂಬ ಚೀಟಿ. ಮದುವೆ ಮನೆಗೆ ಹಾಕಿಕೊಂಡು ಹೋಗಲು ಬೇಕಾದರೆ ತೆಗೆದುಕೋ, ಹಾರುವ ತಟ್ಟೆಗೆ ಗುರಿಯಿಟ್ಟು ಹೊಡೆಯುವ ನಿನ್ನ ಟ್ರ್ಯಾಪ್ ಶೂಟಿಂಗ್ ಮೈದಾನಕ್ಕೆ ಮಾತ್ರ ಬೇಡ. ಇಷ್ಟನ್ನೇ ಫೋನಿನಲ್ಲಿ ಹೇಳಿದರೆ ಹಳಬರ ಹಟ ಎಂದುಕೊಳ್ಳುವೆ, ಅದಕ್ಕೆ ಕಾರಣಸಮೇತ ಬರೆಯುತ್ತಿದ್ದೇನೆ.

ನೀನು ಹೊಡೆಯುವ ಆ ಕಿತ್ತಳೆ ಬಣ್ಣದ ತಟ್ಟೆ 110 ಮಿಲಿಮೀಟರ್ ಅಗಲದ್ದು. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹಾಕಿದ್ದು. ಒಡೆದಾಗ ಚೂರುಗಳು ಎಲ್ಲಿ ಬೀಳಬೇಕೆಂದು ಯಾರನ್ನೂ ಕೇಳುವುದಿಲ್ಲ. ಎದುರುಗಾಳಿ ಇದ್ದರೆ ಸಣ್ಣ ಹರಳುಗಳು ನಿಮ್ಮತ್ತಲೇ ತೇಲಿ ಬರುತ್ತವೆ. ಸುಟ್ಟ ಮದ್ದಿನ ಕಣಗಳೂ ಹಿಂದಕ್ಕೆ ಹಾರುತ್ತವೆ. ಪಕ್ಕದವರ ಬಂದೂಕಿನಿಂದ ಬಿಸಿಯಾದ ಖಾಲಿ ತೋಟಾ ಸಿಡಿದು ಬರುವುದೂ ಉಂಟು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಗಳೂ ಒಡೆದು ಚೂರಾಗದ ಕನ್ನಡಕ ಹಾಕಿಕೊಳ್ಳುವಂತೆ ಸ್ಪರ್ಧಿಗಳಿಗೆ ಒತ್ತಿ ಹೇಳುತ್ತವೆ.

ಗಾಜು ಕಪ್ಪಾದಷ್ಟೂ ಗಟ್ಟಿ ಎಂದು ನಂಬಿದವರು ಬಹಳ. ಬಣ್ಣಕ್ಕೂ ಗಟ್ಟಿತನಕ್ಕೂ ಸಂಬಂಧವೇ ಇಲ್ಲ. ಗಟ್ಟಿತನ ಬರುವುದು ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಿಂದ. ನನ್ನ ಅಂಗಡಿಯ ಮೇಜಿನ ಮೇಲೆ ಪಾಲಿಕಾರ್ಬೊನೇಟ್ ಲೆನ್ಸ್ ಒಂದನ್ನು ಸದಾ ಇಟ್ಟಿರುತ್ತೇನೆ. ಗಿರಾಕಿಗಳ ಎದುರೇ ಸುತ್ತಿಗೆಯಿಂದ ಹೊಡೆದು ತೋರಿಸುತ್ತೇನೆ. ತಗ್ಗು ಬೀಳುತ್ತದೆ, ಚೂರಾಗುವುದಿಲ್ಲ. ಆಮೇಲೆ ಅಂಥದೇ ಲೆನ್ಸನ್ನು ನೀನು ಮೆಚ್ಚಿದಂಥ ತಂತಿ ಫ್ರೇಮಿಗೆ ಕೂರಿಸಿ ಹೆಬ್ಬೆರಳಿನಿಂದ ಒತ್ತುತ್ತೇನೆ. ಟಕ್ಕೆಂದು ಲೆನ್ಸ್ ಒಳಗೆ, ಕಣ್ಣಿರುವ ಕಡೆಗೇ ಬೀಳುತ್ತದೆ. ಲೆನ್ಸ್ ಒಡೆಯದಿದ್ದರೂ ಕಣ್ಣಿಗೆ ಪೆಟ್ಟು ಪೆಟ್ಟೇ. ಹಾಗಾಗಿ ಲೆನ್ಸ್ ಮತ್ತು ಫ್ರೇಮ್ ಎರಡರ ಮೇಲೂ ಪೆಟ್ಟಿನ ಪರೀಕ್ಷೆ ಪಾಸಾದ ಗುರುತು ಇರಬೇಕು.

ಆ ಗುರುತನ್ನು ನೀನೇ ಹುಡುಕು. ಲೆನ್ಸಿನ ಮೂಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸಾಸಿವೆಯಷ್ಟು ಸಣ್ಣ ಅಕ್ಷರಗಳು ಕಾಣುತ್ತವೆ. ಅಮೆರಿಕದ ಮಾನದಂಡವಾದರೆ ‘ಝಡ್ 87’, ಅದರ ಮುಂದೆ ಕೂಡಿಸುವ ಚಿಹ್ನೆ (Z87+). ಆ ಚಿಹ್ನೆ ಬಹಳ ಮುಖ್ಯ: 6.35 ಮಿಲಿಮೀಟರ್ ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸಿದ ಮಾದರಿಗೆ ಮಾತ್ರ ಅದು ಸಿಗುತ್ತದೆ. ಯುರೋಪಿನದಾದರೆ ‘ಇಎನ್ 166’ (EN 166) ಮತ್ತು ‘ಎಫ್’ (F) ಅಕ್ಷರ. ಅಲ್ಲೂ ವೇಗ 45 ಮೀಟರೇ. ಸೈನಿಕರ ಕನ್ನಡಕಗಳನ್ನು ಇನ್ನೂ ಸಣ್ಣ ಗುಂಡಿನಿಂದ, ಸೆಕೆಂಡಿಗೆ 200 ಮೀಟರಿನ ಆಸುಪಾಸಿನ ವೇಗದಲ್ಲಿ ಪರೀಕ್ಷಿಸುತ್ತಾರೆ. ದುಡ್ಡು ಹೊಂದುವುದಾದರೆ ಅದನ್ನೇ ಕೊಳ್ಳು ಎನ್ನುತ್ತೇನೆ. ಪೆಟ್ಟಿಗೆಯ ಮೇಲೆ ‘ಶೂಟಿಂಗ್ ಗ್ಲಾಸ್’ ಎಂದು ದೊಡ್ಡದಾಗಿ ಅಚ್ಚಾಗಿದ್ದು, ಲೆನ್ಸಿನ ಮೇಲೆ ಏನೂ ಇಲ್ಲದಿದ್ದರೆ ಅಂಗಡಿಯವನಿಗೇ ವಾಪಸ್ ಕೊಡು. ಬಂದೂಕಿನ ನೇರ ಹೊಡೆತವನ್ನು ಇವ್ಯಾವುವೂ ತಡೆಯುವುದಿಲ್ಲ. ಇವು ಇರುವುದು ಚೂರು, ಕಣಗಳಿಗಾಗಿ.

ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗಿನಿಂದ ನೀನು ರೈಫಲ್ ಪಂದ್ಯಗಳನ್ನೂ ತಪ್ಪದೆ ನೋಡುತ್ತೀಯೆಂದು ಅಕ್ಕ ಹೇಳಿದಳು. ರೈಫಲ್‌ನವರು ಹಾಕುವ ಒಂಟಿ ಲೆನ್ಸಿನ ಫ್ರೇಮ್ ಬೇರೆ ಕೆಲಸದ್ದು. ಗುರಿ ಸ್ಪಷ್ಟವಾಗಿ ಕಾಣಲೆಂದು ಅದು ಇರುವುದು. ಅದನ್ನು ನೋಡಿ ನಿನ್ನದನ್ನು ಆರಿಸಬೇಡ. ನಿನಗೆ ಹುಬ್ಬಿನಿಂದ ಕಪೋಲದವರೆಗೆ, ಪಕ್ಕಕ್ಕೂ ತುಸು ಬಳಸಿ ಬರುವ ಕನ್ನಡಕ ಬೇಕು. ಹುಬ್ಬಿಗೂ ಫ್ರೇಮಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇದ್ದರೆ ಬಿಸಿ ತೋಟಾ ಅಲ್ಲಿಯೇ ಸಿಕ್ಕಿಕೊಳ್ಳಬಹುದು.

ಬಂದೂಕಿನ ಹಿಡಿಗೆ ಕೆನ್ನೆ ಆನಿಸಿದಾಗ ತಲೆ ಮುಂದಕ್ಕೆ ಬಾಗುತ್ತದೆ; ಆಗ ಕಣ್ಣು ನೋಡುವುದು ಲೆನ್ಸಿನ ನಡುವಿನಿಂದಲ್ಲ, ಮೇಲಿನ ಒಳಮೂಲೆಯಿಂದ. ಫ್ರೇಮ್ ಕೆಳಗೆ ಕೂತರೆ ಅದರ ಅಂಚೇ ತಟ್ಟೆಗೆ ಅಡ್ಡ ಬರುತ್ತದೆ. ನಿನಗೆ ನಂಬರ್ ಬೇರೆ ಇದೆ. ಲೆನ್ಸಿನ ಕೇಂದ್ರವನ್ನು ಆ ಮೂಲೆಗೆ ಸರಿಹೊಂದಿಸದೆ ಮಾಡಿಸಿದರೆ ತಟ್ಟೆ ಇರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಕಿವಿಗೆ ಹಾಕುವ ಮಫ್ ಕೂಡ ಮರೆಯಬೇಡ. ದಪ್ಪ ಕಡ್ಡಿಯ ಫ್ರೇಮ್ ಅದರ ಮೆತ್ತೆಯನ್ನು ಎತ್ತಿ ಹಿಡಿದು ಸದ್ದಿಗೆ ದಾರಿ ಬಿಡುತ್ತದೆ. ಕಡ್ಡಿ ತೆಳ್ಳಗಿರಲಿ.

ಬಣ್ಣದ ಮಾತಿಗೆ ಈಗ ಬರುತ್ತೇನೆ. ಕಡುಕಪ್ಪು ಗಾಜು ಹತ್ತರಲ್ಲಿ ಒಂದೆರಡು ಪಾಲು ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬೂದು ಅಥವಾ ತಿಳಿಗಂದು ಸಾಕು. ಜೂನ್ ಹಿಡಿದರೆ ವಾರಗಟ್ಟಲೆ ಮೋಡ, ಜಿಟಿಜಿಟಿ ಮಳೆ. ಆಗ ಹಳದಿ ಅಥವಾ ಕಿತ್ತಳೆ ಲೆನ್ಸಿನಲ್ಲಿ ತಟ್ಟೆ ಎದ್ದು ಕಾಣುತ್ತದೆ. ಆದ್ದರಿಂದ ಲೆನ್ಸ್ ಬದಲಿಸಬಹುದಾದ ಫ್ರೇಮ್ ತೆಗೆದುಕೋ. ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸ್ ಬೇಡ. ಸೆಖೆ ಹೆಚ್ಚಿದಂತೆ ಅದು ಕಪ್ಪಾಗುವುದೇ ಕಡಿಮೆ, ಮೋಡ ಮುಚ್ಚಿದಾಗ ತಿಳಿಯಾಗುವುದೂ ನಿಧಾನ. ಪಾಲಿಕಾರ್ಬೊನೇಟ್ ಬಿಸಿಲಿನ ನೇರಳಾತೀತ ಕಿರಣಗಳನ್ನು ತಾನೇ ತಡೆಯುತ್ತದೆ, ಬಣ್ಣವಿಲ್ಲದಿದ್ದರೂ.

ಆದರೆ ಪಾಲಿಕಾರ್ಬೊನೇಟಿಗೆ ಗೀರು ಬೇಗ ಬೀಳುತ್ತದೆ. ಧೂಳು ಕೂತಾಗ ಓಢಣಿಯಿಂದ ಒರೆಸಬೇಡ. ಮೊದಲು ನೀರು ಹಾಕಿ ತೊಳೆ. ಬಂದೂಕು ಒರೆಸುವ ದ್ರಾವಣ, ಉಗುರು ಬಣ್ಣ ತೆಗೆಯುವ ದ್ರವ ಹತ್ತಿರವೂ ಸುಳಿಯಬಾರದು, ಲೆನ್ಸ್ ಮಂಕಾಗಿ ಬಿರುಕು ಬಿಡುತ್ತದೆ. ಒಮ್ಮೆ ಜೋರು ಪೆಟ್ಟು ತಿಂದ ಲೆನ್ಸ್ ಚೆನ್ನಾಗಿಯೇ ಕಂಡರೂ ಬದಲಿಸು.

ನಿನ್ನ ಜೊತೆ ಬಂದು ಹಿಂದೆ ನಿಲ್ಲುವ ತಮ್ಮನಿಗೂ ಒಂದು ಬಣ್ಣವಿಲ್ಲದ ಜೋಡಿ ಬೇಕು. ಅವನದರ ಖರ್ಚು ನನಗಿರಲಿ.

ಬರುವ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಆರಾಮಾಗಿ ಕೂತು ನೋಡಬಹುದು. ನಂಬರಿನ ಚೀಟಿ, ಟೋಪಿ, ಮಫ್ ಮೂರನ್ನೂ ತಾ. ಬಂದೂಕು ಬೇಡ, ಒಂದು ಕೋಲು ಹಿಡಿದು ಕೆನ್ನೆ ಆನಿಸಿ ನಿಂತರೆ ಸಾಕು, ಲೆನ್ಸಿನ ಮೇಲೆ ನಿನ್ನ ನೋಟ ಬೀಳುವ ಜಾಗವನ್ನು ಪೆನ್ನಿನಿಂದ ಗುರುತು ಮಾಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಆ ಕಪ್ಪು ಗಾಗಲ್‌ಗೆ ದುಡ್ಡು ಕಟ್ಟಬೇಡ.

ಇಂತು,
ನಿನ್ನ ಮಾಮಾ