ಕುಲಾಂತರಿ ಆಹಾರ: ಪರೀಕ್ಷೆಯ ದಾಖಲೆಗಳು ಬಯಲಿಗೆ ಬರಲಿ

ಮಾನ್ಯ ಸಂಪಾದಕರೇ,

ಕುಲಾಂತರಿ ಆಹಾರದ (ಪ್ರಯೋಗಾಲಯದಲ್ಲಿ ಹೊಸ ಜೀನ್ ಸೇರಿಸಿದ ಬೆಳೆಗಳಿಂದ ಬಂದ ಆಹಾರದ) ಬಗ್ಗೆ ಈಚೆಗೆ ಪತ್ರಿಕೆಯಲ್ಲಿ ಬರುತ್ತಿರುವ ಪರ–ವಿರೋಧದ ಬರಹಗಳನ್ನು ಗಮನವಿಟ್ಟು ಓದುತ್ತಿದ್ದೇನೆ. ಒಂದು ಕಡೆಯವರು ಅದನ್ನು ವಿಷವೆಂದೇ ಕರೆಯುತ್ತಾರೆ, ಇನ್ನೊಂದು ಕಡೆಯವರು ಅನುಮಾನಪಡುವುದೇ ಅಜ್ಞಾನ ಎನ್ನುತ್ತಾರೆ. ಇಬ್ಬರೂ ಕುಲಾಂತರಿ ಆಹಾರವೆಲ್ಲ ಒಂದೇ ವಸ್ತು ಎಂಬಂತೆ ಮಾತನಾಡುತ್ತಿರುವುದರಿಂದ ಚರ್ಚೆ ನಿಂತಲ್ಲೇ ನಿಂತಿದೆ. ಕೀಟವನ್ನು ಕೊಲ್ಲುವ ಪ್ರೋಟೀನ್ ತಯಾರಿಸುವ ಮೆಕ್ಕೆಜೋಳ, ಕಳೆನಾಶಕವನ್ನು ತಾಳಿಕೊಳ್ಳುವ ಸೋಯಾ, ವೈರಸ್ ರೋಗವನ್ನು ತಡೆದುಕೊಳ್ಳುವ ಪಪ್ಪಾಯ, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕೆರೋಟಿನ್ ತುಂಬಿಕೊಂಡ ಭತ್ತ, ಇವೆಲ್ಲ ಬೇರೆ ಬೇರೆ ಆಹಾರಗಳು. ಒಂದು ಸುರಕ್ಷಿತವಾಗಿದ್ದರೆ ಅದು ಇನ್ನೊಂದಕ್ಕೆ ಸಾಕ್ಷಿಯಾಗದು, ಒಂದರ ದೋಷವನ್ನು ಇನ್ನೊಂದರ ತಲೆಗೆ ಕಟ್ಟುವುದೂ ಸರಿಯಲ್ಲ. ನಿರ್ದಿಷ್ಟವಾದ ಈ ಒಂದು ಆಹಾರವನ್ನು ಯಾರು ಪರೀಕ್ಷಿಸಿದರು, ಹೇಗೆ ಪರೀಕ್ಷಿಸಿದರು, ಆ ಪರೀಕ್ಷೆಯ ಪೂರ್ಣ ದಾಖಲೆಯನ್ನು ಹೊರಗಿನವರು ನೋಡಲು ಸಾಧ್ಯವೇ ಎಂಬ ಪ್ರಶ್ನೆಗಳೇ ನಿಯಂತ್ರಣದ ಜೀವಾಳ. ಅದರಲ್ಲೂ ಕೊನೆಯ ಪ್ರಶ್ನೆಯನ್ನು ನಮ್ಮ ಚರ್ಚೆ ಮುಟ್ಟುತ್ತಲೇ ಇಲ್ಲ ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಪರೀಕ್ಷೆ ಸರಿಯಾಗಿ ನಡೆದರೆ ಏನಾಗುತ್ತದೆ ಎಂಬುದಕ್ಕೆ 1996ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ನೋಡಬಹುದು. ಸೋಯಾದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಕಡಿಮೆ. ಅದನ್ನು ಹೆಚ್ಚಿಸುವ ಸಲುವಾಗಿ ಬೀಜ ಕಂಪನಿಯೊಂದು ಬ್ರೆಜಿಲ್ ನಟ್ ಎಂಬ ಬೀಜದ ಜೀನ್ ಒಂದನ್ನು ಸೋಯಾಕ್ಕೆ ಸೇರಿಸಿತು. ಬ್ರೆಜಿಲ್ ನಟ್ ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡುತ್ತದೆ ಎಂಬುದು ಮೊದಲೇ ತಿಳಿದಿತ್ತು. ಹಾಗಾಗಿ ಸಂಶೋಧಕರು ಅಂತಹ ಅಲರ್ಜಿ ಇದ್ದ ಒಂಬತ್ತು ಜನರ ರಕ್ತಸಾರವನ್ನು ತೆಗೆದುಕೊಂಡು ಹೊಸ ಸೋಯಾದ ಪ್ರೋಟೀನಿನೊಂದಿಗೆ ಪರೀಕ್ಷಿಸಿದಾಗ ಎಂಟು ಜನರ ರಕ್ತಸಾರದಲ್ಲಿನ ಪ್ರತಿಕಾಯಗಳು ಆ ಪ್ರೋಟೀನಿಗೆ ಅಂಟಿಕೊಂಡವು, ಇದು ಅಲರ್ಜಿಯ ಸೂಚನೆ. ಪೌಷ್ಟಿಕತೆಗಾಗಿ ಸೇರಿಸಿದ ಪ್ರೋಟೀನೇ ಅಲರ್ಜಿಯ ಮೂಲವೂ ಆಗಿತ್ತು. ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಈ ಪ್ರಸಂಗವನ್ನು ವಿರೋಧಿಗಳು ಅಪಾಯದ ಪುರಾವೆಯಾಗಿ ಮುಂದಿಡುತ್ತಾರೆ, ಸಮರ್ಥಕರು ಪರೀಕ್ಷಾ ವ್ಯವಸ್ಥೆಯ ಗೆಲುವು ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಎರಡೂ ನಿಜ, ಮತ್ತು ಎರಡನ್ನೂ ನಾವು ಇಂದು ನಂಬಿಕೆಯಿಂದ ಹೇಳಲು ಸಾಧ್ಯವಾಗಿರುವುದು ಆ ಫಲಿತಾಂಶ ಬಹಿರಂಗವಾಗಿ ಪ್ರಕಟವಾದದ್ದರಿಂದ.

ಪರೀಕ್ಷೆಯ ನಂತರದ ಹಂತದಲ್ಲಿ ನಿಯಂತ್ರಣ ಸಡಿಲವಾದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಸ್ಟಾರ್‌ಲಿಂಕ್ ಮೆಕ್ಕೆಜೋಳ ತೋರಿಸಿತು. ಅದರಲ್ಲಿದ್ದ ಕ್ರೈ9ಸಿ ಎಂಬ ಕೀಟನಾಶಕ ಪ್ರೋಟೀನ್ ಬೇಗ ಜೀರ್ಣವಾಗದೆ ಉಳಿಯುವ ಸ್ವಭಾವದ್ದಾಗಿದ್ದರಿಂದ ಅಲರ್ಜಿಯ ಸಂದೇಹ ಇತ್ತು, ಆ ಕಾರಣಕ್ಕೆ 1998ರಲ್ಲಿ ಪಶು ಆಹಾರಕ್ಕೆ ಮಾತ್ರ ಅನುಮತಿ ಸಿಕ್ಕಿತು. ಆದರೆ ಹೊಲದ ಪರಾಗಕ್ಕೂ ಗೋದಾಮಿನ ರಾಶಿಗೂ ಕಾಗದದ ಮೇಲಿನ ಷರತ್ತು ಗೊತ್ತಿರುವುದಿಲ್ಲ. 2000ದ ಸೆಪ್ಟೆಂಬರಿನಲ್ಲಿ ಅದರ ಅಂಶ ಮನುಷ್ಯರು ತಿನ್ನುವ ತಿನಿಸಿನಲ್ಲಿ ಪತ್ತೆಯಾಗಿ ನೂರಾರು ಉತ್ಪನ್ನಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಲರ್ಜಿ ಆಯಿತೆಂದು ದೂರಿದವರ ಪೈಕಿ 28 ಜನರ ಪ್ರಕರಣಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ತನಿಖೆ ಮಾಡಿತು, ಅವರ ತೊಂದರೆಗೆ ಆ ಪ್ರೋಟೀನೇ ಕಾರಣ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಹಾನಿ ಸಾಬೀತಾಗಲಿಲ್ಲ ಎಂಬುದು ಸಮಾಧಾನದ ಸಂಗತಿಯೇ ಹೌದು. ಆದರೂ ದೇಶದ ಒಟ್ಟು ಮೆಕ್ಕೆಜೋಳದ ಪ್ರದೇಶದಲ್ಲಿ ಶೇ 1ಕ್ಕಿಂತ ಕಡಿಮೆ ಜಾಗದಲ್ಲಿ ಬೆಳೆದ ಬೆಳೆ ಇಷ್ಟು ದೂರ ಹರಡಿತು ಎಂಬುದನ್ನು ನಿಯಂತ್ರಕರು ಮರೆಯುವಂತಿಲ್ಲ. ಒಂದೇ ಧಾನ್ಯಕ್ಕೆ ದನಕ್ಕೊಂದು, ಜನಕ್ಕೊಂದು ಎಂದು ಅನುಮತಿಯನ್ನು ಒಡೆದು ಕೊಡುವುದು ಕಾರ್ಯಸಾಧ್ಯವಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಳೆಯ ತಳಿ ಅಭಿವೃದ್ಧಿ ವಿಧಾನ ತಾನಾಗಿಯೇ ಸುರಕ್ಷಿತ ಎಂಬ ನಂಬಿಕೆಗೂ ಆಧಾರವಿಲ್ಲ. ಸಾಮಾನ್ಯ ಸಂಕರಣದಿಂದಲೇ ಬಂದ ಲೆನೇಪ್ ಎಂಬ ಆಲೂಗಡ್ಡೆ ತಳಿ 1967ರಲ್ಲಿ ಬಿಡುಗಡೆಯಾಗಿ, ಅದರಲ್ಲಿ ನಂಜಿನ ಅಂಶ ಮಿತಿಮೀರಿ ಇರುವುದು ತಿಳಿದ ಮೇಲೆ 1970ರಲ್ಲಿ ಹಿಂದಕ್ಕೆ ಹೋಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರ ತಮ್ಮ ವಿಸ್ತೃತ ವರದಿಯಲ್ಲಿ, ಆಗ ಬಳಕೆಯಲ್ಲಿದ್ದ ಕುಲಾಂತರಿ ಆಹಾರಗಳು ಸಾಂಪ್ರದಾಯಿಕ ಆಹಾರಗಳಿಗಿಂತ ಹೆಚ್ಚು ಅಪಾಯಕಾರಿ ಎಂಬುದಕ್ಕೆ ದೃಢವಾದ ಸಾಕ್ಷ್ಯ ಇಲ್ಲ ಎಂದವು. ಅದನ್ನು ನಾನು ಒಪ್ಪುತ್ತೇನೆ. ಅದೇ ವರದಿ, ಹೊಸ ಗುಣವಿರುವ ಪ್ರತಿ ತಳಿಯನ್ನೂ ಅದು ಯಾವ ವಿಧಾನದಿಂದ ಬಂದಿದ್ದರೂ ಅದರ ಗುಣಲಕ್ಷಣದ ಆಧಾರದ ಮೇಲೆ ಪರಿಶೀಲಿಸಬೇಕು ಎಂದೂ ಹೇಳಿದೆ. ಮೊದಲ ಮಾತನ್ನು ಎತ್ತಿ ಹೇಳುವವರು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅನುಮೋದನೆಗೆ ಬೇಕಾದ ಪರೀಕ್ಷೆಗಳನ್ನು ಸಾಮಾನ್ಯವಾಗಿ ಅರ್ಜಿದಾರ ಕಂಪನಿಯೇ ಮಾಡಿಸುತ್ತದೆ, ಖರ್ಚೂ ಅದರದೇ. ಸಾರ್ವಜನಿಕರ ಹಣದಲ್ಲಿ ಕಂಪನಿಯ ಸರಕನ್ನು ಪರೀಕ್ಷಿಸಬೇಕಿಲ್ಲವಾದ್ದರಿಂದ ಇದು ಒಪ್ಪತಕ್ಕ ಏರ್ಪಾಡೇ. ಆದರೆ ಫಲಿತಾಂಶದ ಮೂಲ ಅಂಕಿಅಂಶ ವಾಣಿಜ್ಯ ರಹಸ್ಯದ ಹೆಸರಿನಲ್ಲಿ ಕಪಾಟು ಸೇರಿದರೆ ಈ ಏರ್ಪಾಡಿನ ಮೇಲೆ ವಿಶ್ವಾಸ ಉಳಿಯುವುದಿಲ್ಲ. ಎಂಒಎನ್ 863 ಎಂಬ ಕುಲಾಂತರಿ ಮೆಕ್ಕೆಜೋಳವನ್ನು ಇಲಿಗಳಿಗೆ 90 ದಿನ ತಿನ್ನಿಸಿ ನಡೆಸಿದ ಅಧ್ಯಯನದ ವಿವರ ಹೊರಬರಲು 2005ರಲ್ಲಿ ಜರ್ಮನಿಯ ನ್ಯಾಯಾಲಯವೇ ಆದೇಶಿಸಬೇಕಾಯಿತು. ಆ ಬಳಿಕ ಫ್ರಾನ್ಸಿನ ಸಂಶೋಧಕರ ತಂಡವೊಂದು ಅದೇ ಅಂಕಿಗಳನ್ನು ಮರುಲೆಕ್ಕ ಹಾಕಿ ಆತಂಕ ವ್ಯಕ್ತಪಡಿಸಿತು, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಆ ಲೆಕ್ಕವನ್ನು ಪರಿಶೀಲಿಸಿ ಒಪ್ಪಲಿಲ್ಲ. ಅಂಕಿಗಳು ಎಲ್ಲರ ಮುಂದಿದ್ದುದರಿಂದ ಯಾರ ಲೆಕ್ಕ ಸರಿ ಎಂದು ಮೂರನೆಯವರೂ ನೋಡಲು ಸಾಧ್ಯವಾಯಿತು. ಮುಂದೆ 2012ರಲ್ಲಿ ಅದೇ ತಂಡದ ಮುಖ್ಯಸ್ಥ ಸೆರಾಲಿನಿ ಅವರು 200 ಇಲಿಗಳ ಮೇಲೆ ಎರಡು ವರ್ಷ ನಡೆಸಿದ ಅಧ್ಯಯನ ಇಲಿಗಳ ಮೈಯಲ್ಲಿ ಬೆಳೆದ ಗೆಡ್ಡೆಗಳ (ಟ್ಯೂಮರ್) ಚಿತ್ರಗಳೊಂದಿಗೆ ಜಗತ್ತನ್ನೇ ಬೆಚ್ಚಿಬೀಳಿಸಿತು. ಪ್ರತಿ ಗುಂಪಿನಲ್ಲಿ ಇದ್ದದ್ದು ಹತ್ತೇ ಇಲಿಗಳು, ಅವು ವಯಸ್ಸಾದಂತೆ ತಾವಾಗಿಯೇ ಗೆಡ್ಡೆ ಬೆಳೆಸಿಕೊಳ್ಳುವ ತಳಿಯವು. 2013ರಲ್ಲಿ ಅದನ್ನು ಪ್ರಕಟಿಸಿದ್ದ ನಿಯತಕಾಲಿಕ ಲೇಖನವನ್ನು ಹಿಂದಕ್ಕೆ ಪಡೆಯಿತು. ಚಿತ್ರಗಳು ಮಾತ್ರ ಇಂದಿಗೂ ಹರಿದಾಡುತ್ತಿವೆ. ಅಧಿಕೃತ ದಾಖಲೆಗಳು ಕೈಗೆ ಸಿಗದ ಕಡೆ ಜನ ಇಂತಹ ಚಿತ್ರಗಳನ್ನು ನಂಬಿದರೆ ಅವರನ್ನು ಹಳಿಯುವುದು ನ್ಯಾಯವಲ್ಲ.

ಈ ದಿಸೆಯಲ್ಲಿ ಯುರೋಪಿನ ಒಕ್ಕೂಟ 2019ರಲ್ಲಿ ಮಾಡಿ 2021ರ ಮಾರ್ಚ್‌ನಿಂದ ಜಾರಿಗೆ ತಂದ ಕಾನೂನು ನನಗೆ ಮಾದರಿಯಾಗಿ ಕಾಣುತ್ತದೆ. ಅದರ ಪ್ರಕಾರ ಅರ್ಜಿಗಾಗಿ ಅಧ್ಯಯನ ಮಾಡಿಸುವ ಕಂಪನಿ ಮತ್ತು ಪ್ರಯೋಗಾಲಯ ಎರಡೂ ಅಧ್ಯಯನ ಶುರುವಾಗುವ ಮೊದಲೇ ಅದನ್ನು ನೋಂದಾಯಿಸಬೇಕು. ಸಕಾರಣವಿಲ್ಲದೆ ನೋಂದಾಯಿಸದ ಅಧ್ಯಯನದ ಮೇಲೆ ನಿಂತ ಅರ್ಜಿಯನ್ನು ಪರಿಗಣಿಸುವುದಿಲ್ಲ. ಹತ್ತು ಪ್ರಯೋಗ ನಡೆಸಿ ಅನುಕೂಲವಾದ ಎರಡನ್ನು ಮಾತ್ರ ಒಪ್ಪಿಸುವ ದಾರಿ ಇದರಿಂದ ಮುಚ್ಚುತ್ತದೆ. ಅರ್ಜಿಯ ಆಧಾರವಾದ ಅಧ್ಯಯನಗಳು, ಸೀಮಿತ ವಿನಾಯಿತಿಗಳ ಹೊರತು, ತೀರ್ಮಾನಕ್ಕೆ ಮೊದಲೇ ಸಾರ್ವಜನಿಕರಿಗೆ ಸಿಗುತ್ತವೆ. ಬೀಜದ ಪೇಟೆಂಟ್ ಹೇಗೂ ಕಂಪನಿಯ ಬಳಿಯೇ ಇರುವಾಗ ಇಲಿಗಳ ತೂಕವನ್ನೂ ರಕ್ತ ಪರೀಕ್ಷೆಯ ಅಂಕಿಗಳನ್ನೂ ಬಚ್ಚಿಡುವುದಕ್ಕೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಕುಲಾಂತರಿ ಎಂದು ತಿಳಿಸುವ ಲೇಬಲ್ ಕಡ್ಡಾಯವಾದರೆ ಸಾಕು ಎನ್ನುವ ಓದುಗರಿಗೆ ಒಂದು ವಿನಂತಿ. ಆಯ್ಕೆ ಗ್ರಾಹಕನ ಹಕ್ಕಾದ್ದರಿಂದ ಲೇಬಲ್ ಬೇಕೇ ಬೇಕು. ಆದರೆ ಲೇಬಲ್ ಬೇಕಿಲ್ಲದ ಆಕಸ್ಮಿಕ ಮಿಶ್ರಣಕ್ಕೆ ಯುರೋಪಿನಲ್ಲಿ ಶೇ 0.9, ಅಮೆರಿಕದಲ್ಲಿ ಶೇ 5 ಎಂದು ಮಿತಿ ಇದ್ದು, ಇವು ಸುರಕ್ಷತೆಯ ಗಡಿಗಳಲ್ಲ, ಆಡಳಿತಾತ್ಮಕ ಗೆರೆಗಳಷ್ಟೇ. ಸುರಕ್ಷಿತವಲ್ಲದ ಆಹಾರಕ್ಕೆ ಲೇಬಲ್ ಅಂಟಿಸಿ ಮಾರುವಂತಿಲ್ಲ, ಅದು ಮಾರುಕಟ್ಟೆಗೇ ಬರಬಾರದು.

ಜೀನ್ ಎಡಿಟಿಂಗ್‌ನಿಂದ ಬಂದ ಆಹಾರಗಳ ವಿಷಯದಲ್ಲಿ ನೋಂದಣಿ ಇನ್ನೂ ಹೆಚ್ಚು ಅಗತ್ಯ. ಜಪಾನಿನಲ್ಲಿ ಇಂತಹ ಟೊಮೆಟೊ 2021ರಿಂದ ಮಾರಾಟದಲ್ಲಿದೆ. ಹೊರಗಿನ ಜೀನ್ ಸೇರಿಸದೆ, ಇರುವ ಜೀನ್‌ನಲ್ಲೇ ಸಣ್ಣ ಬದಲಾವಣೆ ಮಾಡಿದಾಗ ಅದು ಪ್ರಕೃತಿಯಲ್ಲಿ ಆದದ್ದೋ ಪ್ರಯೋಗಾಲಯದಲ್ಲಿ ಆದದ್ದೋ ಎಂದು ಹಣ್ಣನ್ನು ಪರೀಕ್ಷಿಸಿ ಹೇಳುವುದು ಬಹುಮಟ್ಟಿಗೆ ಅಸಾಧ್ಯ. ಅಂಥ ಬದಲಾವಣೆಗಳಲ್ಲಿ ಹೆಚ್ಚಿನವು ನಿರಪಾಯಕಾರಿ ಇರಬಹುದು, ಪೂರ್ಣ ಪ್ರಮಾಣದ ಪರೀಕ್ಷೆ ಎಲ್ಲಕ್ಕೂ ಬೇಕಿಲ್ಲದಿರಬಹುದು. ಆದರೆ ಪ್ರಯೋಗಾಲಯ ಗುರುತಿಸಲಾರದ ಆಹಾರವನ್ನು ಮುಂದೆಂದಾದರೂ ದೂರು ಬಂದಾಗ ಹಿಂಬಾಲಿಸಲು ಸರ್ಕಾರದ ಕೈಯಲ್ಲಿ ಉಳಿಯುವುದು ಬರವಣಿಗೆಯ ದಾಖಲೆ ಮಾತ್ರ. ಆದ್ದರಿಂದ ಪರೀಕ್ಷೆಯಿಂದ ವಿನಾಯಿತಿ ಕೊಟ್ಟ ತಳಿಗೂ ನೋಂದಣಿಯಿಂದ ವಿನಾಯಿತಿ ಕೊಡಬಾರದು, ಯಾವ ಜೀನ್‌ನಲ್ಲಿ ಏನು ಬದಲಾಯಿತು, ಅದರಿಂದ ಪೋಷಕಾಂಶಗಳಲ್ಲಿ ಏನು ವ್ಯತ್ಯಾಸವಾಯಿತು ಎಂಬ ವಿವರ ಬೀಜ ಮಾರಾಟವಾಗುವ ದಿನದಿಂದಲೇ ಎಲ್ಲರೂ ನೋಡಬಹುದಾದ ಪಟ್ಟಿಯಲ್ಲಿ ಇರಬೇಕು ಎಂದು ನಿಯಮ ರೂಪಿಸುವವರನ್ನು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ,
ನಿಮ್ಮ ಪತ್ರಿಕೆಯ ಓದುಗ