ಬದುವಿನ ಹುಳುಗಳಿಗೂ ಒಂದು ಮೂಲೆ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹುಲಿ, ಆನೆ ಚಿತ್ರಗಳೇ ಜಾಸ್ತಿ. ನಮ್ಮ ಕಲಬುರಗಿಯ ತೊಗರಿ ಹೊಲದ ಬದುವಿನಲ್ಲಿ ಕೂತು ನೋಡಿ, ಅಲ್ಲೂ ಒಂದು ಕಾಡಿದೆ. ಹಳೇ 50 ಎಂಎಂ ಲೆನ್ಸನ್ನು ಜೋಡಣೆಯ ರಿಂಗ್ ಹಾಕಿ ಕ್ಯಾಮೆರಾಕ್ಕೆ ಉಲ್ಟಾ ಕೂರಿಸಿದರೆ ಸಾಕು, ಹಳದಿ ಹೂವಿನ ಮೇಲಿನ ಜೇನುನೊಣದ ಮೈಕೂದಲೂ ಕಾಣುತ್ತದೆ. ಆದರೆ ಫೋಕಸ್ ಸಿಗುವುದು ಮಿಲಿಮೀಟರ್ ಲೆಕ್ಕದಲ್ಲಿ, ಅದಕ್ಕೇ ಉಸಿರು ಬಿಗಿಹಿಡಿದು, ಮೈಯನ್ನೇ ಚೂರು ಹಿಂದೆ ಮುಂದೆ ಮಾಡುತ್ತಾ ತೆಗೆಯಬೇಕು, ಗಾಳಿ ಎದ್ದರೆ ಮುಗಿಯಿತು. ಚಳಿಗಾಲದ ಬೆಳಗ್ಗೆ ಒಳ್ಳೆಯದು, ತಂಪಿಗೆ ಹುಳುಗಳು ಬೇಗ ಕದಲುವುದಿಲ್ಲ. ಕೆಲವರು ಅವನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಚಿತ್ರ ತೆಗೆಯುತ್ತಾರೆ, ಅದು ತಪ್ಪು ಅಲ್ವಾ? ಇದ್ದಲ್ಲೇ, ಮುಟ್ಟದೆ ತೆಗೆದ ಓದುಗರ ಚಿತ್ರಗಳಿಗೆ ವಾರಕ್ಕೊಂದು ಮೂಲೆ ಕೊಡಿ. ಹುಳದ ಕನ್ನಡ ಹೆಸರನ್ನೂ ಹಾಕಿ.

ಒಬ್ಬ ಓದುಗ, ಕಲಬುರಗಿ