ಅಜ್ಜನ ವಾಚಿನ ಡಯಲ್‌ಗೆ ಬಣ್ಣ ಹೊಡಿಸ್ಬೇಡ್ರಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ದಾವಣಗೆರೇಲಿ ಹಳೇ ಮನೆಗಳ ಬೀರು ತೆಗೆದ್ರೆ ಒಂದು ಎಚ್‌ಎಂಟಿ ವಾಚು ಸಿಕ್ಕೇ ಸಿಗುತ್ತೆ, ಅಜ್ಜಂದೋ, ಅಪ್ಪಂಗೆ ಮದುವೇಲಿ ಮಾವನ ಮನೆಯೋರು ಕೊಟ್ಟಿದ್ದೋ. ಈಗ ಇವಕ್ಕೆ ರೇಟ್ ಬಂದೈತೆ ಅಂತ ಗೊತ್ತಾಗಿ ಜನ ಹೊರಗೆ ತೆಗೀತಿದಾರೆ, ಭಾಳ ಸಂತೋಷ. ಆದ್ರೆ ತೆಗೆದ ಕೂಡ್ಲೆ ಅಂಗಡಿಗೆ ಒಯ್ದು ಡಯಲ್ ಹಳದಿ ಆಗೈತೆ ಅಂತ ಬಣ್ಣ ಹೊಡಿಸ್ತಾರೆ, ಕೇಸನ್ನ ಬಫಿಂಗ್ ಮಾಡಿಸಿ ಫಳಫಳ ಹೊಳೆಯೋ ಹಂಗೆ ಮಾಡ್ತಾರೆ, ಅಲ್ಲಿಗೆ ಅದರ ಬೆಲೆ ಹೋಯ್ತು.

ವಾಚ್ ಕೂಡಿಡೋರು ಮೊದಲು ನೋಡೋದೇ ಡಯಲ್ ನೋಡ್ರಿ. ಕಂಪನಿ ಪ್ರಿಂಟಿನ ಅಕ್ಷರ ಸಣ್ಣಗೆ ಚೂಪಾಗಿ ಇರ್ತಾವೆ, ಮತ್ತೆ ಪೇಂಟ್ ಮಾಡಿದ್ದು ದಪ್ಪಗೆ, ಸೊಟ್ಟಕ್ಕೆ, ನಿಮಿಷದ ಗೆರೆಗಳೂ ಸರಿಯಾಗಿ ಕೂತಿರಲ್ಲ. ಆನ್‌ಲೈನಲ್ಲಿ ಕಿತ್ತಳೆ, ಗಿಳಿಹಸಿರು ಬಣ್ಣದ ಎಚ್‌ಎಂಟಿ ‘ಜನತಾ’ ಮಾಡೆಲ್ ವಾಚು ಮಾರ್ತಾರಲ್ಲ, ಅವು ಹೆಚ್ಚಿನವು ಹಿಂಗೆ ಬಣ್ಣ ಬಳಿದವೇ. ಕಲೆ ಬಿದ್ದ ಒರಿಜಿನಲ್ ಡಯಲ್ಲೇ ಮೇಲು. ಕ್ರೋಮ್ ಪ್ಲೇಟಿಂಗ್ ಕೇಸ್ ಆದ್ರೆ ಬಫಿಂಗಿಗೆ ಒಳಗಿನ ಹಿತ್ತಾಳೆ ಬೇರೆ ಕಾಣಿಸ್ಕೊಳ್ಳುತ್ತೆ. ಗ್ಲಾಸ್ ಗೀರಿದ್ರೆ ಬದಲಾಯಿಸ್ಲಿ, ಅದಕ್ಕೇನೂ ತೊಂದ್ರೆ ಇಲ್ಲ.

ಖರ್ಚು ಮಾಡೋದಾದ್ರೆ ಒಳಗಿನ ಮಷೀನಿಗೆ ಮಾಡಿ. ಜನತಾ ಅಂದ್ರೆ 17 ಜ್ಯುವೆಲ್ಸಿನ (ಸವೆತ ತಡೆಯೋ ಸಣ್ಣ ಹರಳು) ಕೀಲಿ ಕೊಡೋ ವಾಚು, ಒಳಗೆ ಅತ್ತಿತ್ತ ತೂಗೋ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ಬಡ್ಕೊಳ್ಳುತ್ತೆ, ವರ್ಷಗಟ್ಲೆ ಸುಮ್ನೆ ಬಿದ್ದಿದ್ರೆ ಎಣ್ಣೆ ಒಣಗಿ ಗಟ್ಟಿ ಆಗಿರುತ್ತೆ, ಹಂಗೇ ಕೀಲಿ ಕೊಟ್ಟು ದಿನಾ ಕಟ್ಕೊಂಡ್ರೆ ಪಿವಟ್, ಅಂದ್ರೆ ಚಕ್ರದ ಅಚ್ಚಿನ ತುದಿಗಳು ಸವೀತಾವೆ. ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸ್ಬೇಕು, ಕೆಲವ್ರು ಬಿಚ್ಚದೇ ಪೆಟ್ರೋಲಲ್ಲಿ ಅದ್ದಿ ಕೊಡ್ತಾರೆ, ಕೇಳಿ ತಿಳ್ಕೊಂಡು ಕೊಡಿ. ಇದ್ದಕ್ಕಿದ್ದಂಗೆ ವಾಚು ಭಾಳ ಫಾಸ್ಟ್ ಓಡ್ತಿದ್ರೆ ಗಾಬರಿ ಬೇಡ, ಸ್ಪೀಕರ್ ಪಕ್ಕ ಇಟ್ಟು ಬ್ಯಾಲೆನ್ಸ್ ಚಕ್ರದ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಮ್ಯಾಗ್ನೆಟ್ ಹಿಡಿದಿರ್ಬಹುದು, ಡಿಮ್ಯಾಗ್ನೆಟೈಸ್ ಮಾಡೋದು ನಿಮಿಷದ ಕೆಲಸ. ಕೀಲಿ ದಿನಕ್ಕೊಂದ್ಸಲ, ಬಿಗಿ ಆದ ಮೇಲೆ ಒತ್ತಬಾರ್ದು.

ಇನ್ನೊಂದು ಮಾತು, ಬದಲಾಯಿಸಿದ ಹಳೇ ಮುಳ್ಳು, ಕ್ರೌನ್ (ಕೀಲಿ ಕೊಡೋ ತಿರುಪು), ಏನೇ ಇರ್ಲಿ ವಾಪಸ್ ಇಸ್ಕೊಳ್ಳಿ. ಎಚ್‌ಎಂಟಿಯೋರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಶುರು ಮಾಡಿದ ವಾಚ್ ಕೆಲಸ ಅದು, ಆಮೇಲೆ ತುಮಕೂರಲ್ಲೂ ಫ್ಯಾಕ್ಟರಿ ಆಯ್ತು, 2016ರಲ್ಲಿ ಸರ್ಕಾರ ಮುಚ್ಚೋ ತೀರ್ಮಾನ ಮಾಡ್ತು. ನಮ್ಮ ರಾಜ್ಯದೋರ ಕೈಯಲ್ಲಿ ಜೋಡಿಸಿದ ವಾಚುಗಳು ಸ್ವಾಮಿ ಇವು, ಈಗ ಒಂದು ವಾಚ್ ರಿಪೇರಿ ಆಗ್ಬೇಕಂದ್ರೆ ಇನ್ನೊಂದು ಸತ್ತ ವಾಚಿಂದ ಪಾರ್ಟ್ಸ್ ತೆಗೀಬೇಕು. ಅದಕ್ಕೇ ಓಡದೇ ಇರೋದನ್ನೂ ಗುಜರಿಗೆ ಹಾಕ್ಬೇಡಿ ಅಂತ ಕೈಮುಗಿದು ಕೇಳ್ಕೊಳ್ತೀನಿ.

ನಿಮ್ಮಲ್ಲೂ ಒಂದು ವಿನಂತಿ. ಕಣ್ಣಿಗೆ ಲೂಪ್ (ಭೂತಗನ್ನಡಿ) ಸಿಗಿಸ್ಕೊಂಡು ಬ್ಯಾಲೆನ್ಸ್ ಸ್ಟಾಫ್, ಅಂದ್ರೆ ಬ್ಯಾಲೆನ್ಸ್ ಚಕ್ರದ ಅಚ್ಚು ಕೂರಿಸೋ ಹಿರಿಯರು ನಮ್ಮೂರಲ್ಲಿ ಇನ್ನೂ ಅದಾರೆ, ಬಹಳ ಜನ ಬ್ಯಾಟರಿ ಸೆಲ್ ಹಾಕೋದ್ರಲ್ಲೇ ದಿನ ದೂಡ್ತಿದಾರೆ, ಮಕ್ಕಳು ಈ ಕೆಲಸಕ್ಕೆ ಬರ್ತಿಲ್ಲ. ಅವರನ್ನ ಮಾತಾಡ್ಸಿ, ಅಂಗಡಿ ಎಲ್ಲೈತೆ ಅನ್ನೋದು ಸಮೇತ ಜಿಲ್ಲಾ ಪುಟದಲ್ಲಿ ಒಂದು ಲೇಖನ ಹಾಕಿ.

– ನಿಮ್ಮ ಓದುಗ, ವಿದ್ಯಾನಗರ, ದಾವಣಗೆರೆ